ಚಾವೆಜ್ ಕಣಿವೆಯ ಎಡಗೈ ತರುಣ

1981ನೆಯ ಇಸವಿಯ ಏಪ್ರಿಲ್ 9ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡವು ಆ ಋತುವಿನ ತನ್ನ ಮೊದಲ ಪಂದ್ಯವನ್ನು ಆಡಬೇಕಾಗಿದ್ದಿತು. ಋತುವಿನ ಪ್ರಥಮ ದಿನದಂದು ಚೆಂಡೆಸೆಯುವ ಗೌರವವು ತಂಡದ ಹಿರಿಯನೂ ಪರೀಕ್ಷಿತನೂ ಆದ ಆಟಗಾರನಿಗೆ ಸಲ್ಲುವುದು ಆ ಕ್ರೀಡೆಯ ಸಂಪ್ರದಾಯ. ಆದರೆ ಆ ಗೌರವಕ್ಕೆ ಗೊತ್ತಾಗಿದ್ದ ಜೆರ್ರಿ ರಾಯ್ಸ್ ಹಿಂದಿನ ದಿನವೇ ಮೀನಖಂಡದ ನೋವಿನಿಂದ ಕುಳಿತುಬಿಟ್ಟಿದ್ದ. ಅವನ ಸ್ಥಾನಕ್ಕೆ ಬರಬಹುದಾಗಿದ್ದ ಬರ್ಟ್ ಹೂಟನ್ ಇನ್ನೂ ಸಿದ್ಧನಾಗಿರಲಿಲ್ಲ. ಅನಿವಾರ್ಯವಾಗಿ ತಂಡದ ಮ್ಯಾನೇಜರ್ ಟಾಮಿ ಲಸೋರ್ಡ, ಅದುವರೆಗೆ ಆ ಉನ್ನತ ಮಟ್ಟದಲ್ಲಿ ಒಂದು ಪಂದ್ಯವನ್ನೂ ಆರಂಭಿಸಿ ಅರಿಯದಿದ್ದ, ಇಂಗ್ಲಿಷ್ ಭಾಷೆಯ ಪರಿಚಯ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆನ್ನಬಹುದಾಗಿದ್ದ, ಇಪ್ಪತ್ತು ವರ್ಷದ, ಸ್ಥೂಲಕಾಯದ ಒಬ್ಬ ಎಡಗೈ ಹುಡುಗನಿಗೆ ಚೆಂಡನ್ನು ಕೊಟ್ಟ. ಮೆಕ್ಸಿಕೋ ದೇಶದಿಂದ ಬಂದಿದ್ದ ಆ ಹುಡುಗ ಅಂದು ಹ್ಯೂಸ್ಟನ್ ನಗರದ ಆಸ್ಟ್ರೋಸ್ ತಂಡಕ್ಕೆ ಒಂದು ಓಟವನ್ನೂ ಬಿಟ್ಟುಕೊಡದೆ, ಆದ್ಯಂತವಾಗಿ ತಾನೊಬ್ಬನೇ ಚೆಂಡೆಸೆದು, 2-0 ಅಂತರದಲ್ಲಿ ಪಂದ್ಯವನ್ನು ಗೆದ್ದುಕೊಟ್ಟ. ಅವನ ಹೆಸರು ಫರ್ನಾಂಡೋ ವಾಲೆನ್ಸುವೇಲ. ಅಂದಿನಿಂದ ಮೊದಲಾಗಿ, 2024ರಲ್ಲಿ ಆತ ತೀರಿಕೊಳ್ಳುವವರೆಗೂ, ಅನಂತರವೂ, ಆ ಮಹಾನಗರದ ಲಕ್ಷಾಂತರ ಜನರಿಗೂ ಅವರ ತಂಡಕ್ಕೂ ನಡುವೆ ಇದ್ದ ಸಂಬಂಧವು ಬದಲಾದುದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೇಸ್‌ಬಾಲಿನ ಪರಿಚಯವಿಲ್ಲದ ಓದುಗರಿಗೆ ಮೊದಲು ಒಂದೆರಡು ಮಾತು ಹೇಳಬೇಕು. ಆ ಆಟದಲ್ಲಿ ಪಿಚರ್ ಎಂದು ಕರೆಯಲ್ಪಡುವ ಚೆಂಡೆಸೆಯುವವನು ಮೈದಾನದ ನಡುವಿನ ಒಂದು ಸಣ್ಣ ಮಣ್ಣುದಿಬ್ಬದ ಮೇಲೆ ನಿಂತು, ಸುಮಾರು ಹದಿನೆಂಟೂವರೆ ಮೀಟರ್ ದೂರದಲ್ಲಿರುವ ದಾಂಡಿಗನತ್ತ, ನೆಲಕ್ಕೆ ತಾಗಿಸದೆ ನೇರವಾಗಿ ಚೆಂಡನ್ನೆಸೆಯುತ್ತಾನೆ. ಓವರುಗಳ ಮಿತಿಯಾಗಲಿ, ಇನ್ನೊಂದು ತುದಿಯಿಂದ ಸರದಿಯ ಮೇಲೆ ಬಂದು ಭಾರವನ್ನು ಹಂಚಿಕೊಳ್ಳುವ ಜೊತೆಗಾರನಾಗಲಿ ಅವನಿಗಿಲ್ಲ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿಯೊಂದು ಇನ್ನಿಂಗ್ಸಿನಲ್ಲಿಯೂ ಎದುರಾಳಿಗಳಲ್ಲಿ ಮೂವರನ್ನು ಔಟು ಮಾಡುವವರೆಗೆ ಅವನು ಎಸೆಯುತ್ತಲೇ ಇರಬೇಕು. ತೋಳು ಬಳಲಿದಂತೆ ಚೆಂಡಿನ ವೇಗವೂ ನಿಖರತೆಯೂ ಕುಂದುವುದರಿಂದ, ಬಹುಮಟ್ಟಿಗೆ ಎಲ್ಲ ತಂಡಗಳೂ ಪಂದ್ಯದ ಮಧ್ಯದಲ್ಲಿ ಅವನನ್ನು ಇಳಿಸಿ ಬೇರೊಬ್ಬನನ್ನು ನಿಲ್ಲಿಸುತ್ತವೆ. ಒಂಬತ್ತು ಇನ್ನಿಂಗ್ಸನ್ನೂ ಒಬ್ಬನೇ ಎಸೆದು, ಒಂದು ಓಟವೂ ಹೋಗದಂತೆ ನೋಡಿಕೊಳ್ಳುವುದಕ್ಕೆ ಷಟ್‌ಔಟ್ ಎಂದು ಹೆಸರು. ಸಾಮಾನ್ಯವಾಗಿ ಒಳ್ಳೆಯ ಪಿಚರ್‌ಗೆ ಒಂದು ಋತುವಿನಲ್ಲಿ ಇಂಥದು ಎರಡೋ ಮೂರೋ ಲಭಿಸಿದರೆ ಅದೇ ಭಾಗ್ಯ. ಫರ್ನಾಂಡೋ 1981ರ ತನ್ನ ಮೊದಲ ಎಂಟು ಪಂದ್ಯಗಳಲ್ಲಿಯೇ ಐದನ್ನು ಸಾಧಿಸಿದ.

ಆತ ಹುಟ್ಟಿದ್ದು 1960ರ ನವೆಂಬರ್ 1ರಂದು, ಮೆಕ್ಸಿಕೋದ ವಾಯವ್ಯ ಭಾಗದ ಸೊನೋರ ಪ್ರಾಂತದಲ್ಲಿ, ನವೋಹೋವ ಪಟ್ಟಣಕ್ಕೆ ಸೇರಿದ ಎಚೋವಾಕೀಲ ಎಂಬ ಕುಗ್ರಾಮದಲ್ಲಿ. ಸಣ್ಣ ಹಿಡುವಳಿಯ ರೈತಾಪಿ ಕುಟುಂಬ. ಹನ್ನೆರಡು ಮಕ್ಕಳಲ್ಲಿ ಇವನೇ ಕೊನೆಯವನು. ಅಣ್ಣಂದಿರೊಡನೆ ಊರಿನ ಬಯಲಿನಲ್ಲಿ ಆಡುತ್ತ ಆಡುತ್ತ ಹದಿಹರೆಯದಲ್ಲಿಯೇ ಮೆಕ್ಸಿಕೋದ ವೃತ್ತಿಪರ ತಂಡಗಳಿಗೆ ಸೇರಿದ. 1978ರಲ್ಲಿ ಡಾಡ್ಜರ್ಸ್ ತಂಡದ ಪರವಾಗಿ ಹೊಸ ಆಟಗಾರರನ್ನು ಹುಡುಕುತ್ತ ತಿರುಗುತ್ತಿದ್ದ, ಕ್ಯೂಬಾ ಮೂಲದ ಮೈಕ್ ಬ್ರಿಟೋ ಎಂಬಾತ ಸಿಲಾವೋ ಎಂಬ ಊರಿಗೆ ಹೋಗಿದ್ದುದು ಬೇರೆ ಯಾವನೋ ಒಬ್ಬ ಕ್ಷೇತ್ರರಕ್ಷಕನನ್ನು ನೋಡುವುದಕ್ಕಾಗಿ. ಪಂದ್ಯದ ಮಧ್ಯೆ ದಿಬ್ಬಕ್ಕೆ ಬಂದ ಹದಿನೇಳರ ಹುಡುಗನೊಬ್ಬ ಅದೇ ಆಟಗಾರನನ್ನು ತಬ್ಬಿಬ್ಬುಗೊಳಿಸಿ ಔಟು ಮಾಡಿದುದನ್ನು ಕಂಡ ಬ್ರಿಟೋ, ತಾನು ಬಂದ ಕಾರ್ಯವನ್ನೇ ಮರೆತು, ಆ ಹುಡುಗನ ಬೆನ್ನು ಹತ್ತಿದ. ಮುಂದಿನ ವರ್ಷ 1,20,000 ಡಾಲರುಗಳಿಗೆ ಫರ್ನಾಂಡೋವಿನ ಕರಾರುಪತ್ರ ಡಾಡ್ಜರ್ಸ್ ಸಂಸ್ಥೆಯ ಕೈಸೇರಿತು. ಆ ಮೊತ್ತದಲ್ಲಿ ಹುಡುಗನಿಗೆ ಸಂದದ್ದು ಅಲ್ಪ ಭಾಗವೇ. ಹೆಚ್ಚಿನ ಪಾಲು ಅವನ ತಂಡದ ಒಡೆಯರದು.

ಆಗ ಅವನ ಬತ್ತಳಿಕೆಯಲ್ಲಿ ವೇಗದ ಚೆಂಡು ಒಂದು, ವಕ್ರಗತಿಯ ಚೆಂಡು ಒಂದು, ಇವೆರಡೇ ಇದ್ದವು. ಇಷ್ಟರಿಂದ ಅಮೆರಿಕದ ದಾಂಡಿಗರ ಮುಂದೆ ಬಹುಕಾಲ ನಿಲ್ಲುವುದು ಕಷ್ಟವೆಂದು ಕಂಡ ಸಂಸ್ಥೆಯವರು, ತಮ್ಮಲ್ಲಿಯೇ ಇದ್ದ ಬಾಬಿ ಕಾಸ್ಟಿಯೋ ಎಂಬ ಪಿಚರನಿಂದ ಅವನಿಗೆ ಸ್ಕ್ರೂಬಾಲ್ ಎಂಬ ದುಷ್ಕರವಾದ ಎಸೆತವನ್ನು ಕಲಿಸಿದರು. ಸಾಮಾನ್ಯ ಎಡಗೈ ಪಿಚರನ ವಕ್ರಗತಿಯ ಚೆಂಡು ಬಲಗೈ ದಾಂಡಿಗನ ಮೈಯತ್ತ ಒಳಕ್ಕೆ ತಿರುಗುತ್ತದೆ. ಸ್ಕ್ರೂಬಾಲ್ ಅದಕ್ಕೆ ವಿಪರೀತವಾಗಿ ಅವನಿಂದ ದೂರ ಸರಿಯುತ್ತ, ಕೆಳಕ್ಕೆ ಜಾರುತ್ತದೆ. ಲೆಗ್ ಸ್ಪಿನ್ ಎಸೆಯುವವನ ಕೈಯಿಂದ ಹೊರಟ ಗೂಗ್ಲಿಯು ದಾಂಡಿಗನ ಎಣಿಕೆಯನ್ನು ಹೇಗೆ ಮುರಿಯುವುದೋ ಇದೂ ಹಾಗೆಯೇ. ಮುಂಗೈಯನ್ನು ಸಹಜಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ತಿರುಚಬೇಕಾಗುವುದರಿಂದ ಅದನ್ನು ಕಲಿಯುವವರು ವಿರಳ, ಕಲಿತು ಹತೋಟಿಗೆ ತಂದುಕೊಂಡವರು ಇನ್ನೂ ವಿರಳ. ಫರ್ನಾಂಡೋ ಒಂದೇ ವರ್ಷದಲ್ಲಿ ಅದನ್ನು ಕರಗತ ಮಾಡಿಕೊಂಡು, ಒಂದೇ ಚಲನೆಯಿಂದ ಎರಡು ಬೇರೆ ಬೇರೆ ವೇಗಗಳಲ್ಲಿ ಎಸೆಯುವಷ್ಟು ಪ್ರಾವೀಣ್ಯ ಗಳಿಸಿದ. 1980ರ ಸೆಪ್ಟೆಂಬರಿನಲ್ಲಿ ತಂಡಕ್ಕೆ ಬಂದು, ಹತ್ತು ಪಂದ್ಯಗಳ ಕೊನೆಕೊನೆಯ ಇನ್ನಿಂಗ್ಸುಗಳಲ್ಲಿ ಎಸೆದಾಗ, ಅವನ ಲೆಕ್ಕಕ್ಕೆ ಹಿಡಿಯಬಹುದಾದ ಒಂದು ಓಟವೂ ಎದುರಾಳಿಗಳಿಗೆ ದೊರೆಯಲಿಲ್ಲ. ಬಲ್ಲವರು ಅಂದೇ ಅವನನ್ನು ಗುರುತಿಸಿದ್ದರು. ಲೋಕವು ಗುರುತಿಸಿದ್ದು ಮರುವರ್ಷ.

ಆ ವಸಂತದ ಎಂಟು ಪಂದ್ಯಗಳ ವೃತ್ತಾಂತ ಈಗಲೂ ಆ ನಗರದ ಹಿರಿಯರ ಬಾಯಲ್ಲಿದೆ. ಎಂಟನ್ನೂ ಗೆದ್ದ, ಏಳರಲ್ಲಿ ಕಡೆಯವರೆಗೂ ತಾನೇ ಎಸೆದ, ಹ್ಯೂಸ್ಟನ್ನಿನಲ್ಲಿ ನಡೆದ ಒಂದು ಪಂದ್ಯವನ್ನು 1-0 ಅಂತರದಲ್ಲಿ ಗೆದ್ದಾಗ ಆ ಒಂದು ಓಟವೂ ಅವನ ದಾಂಡಿನ ಹೊಡೆತದಿಂದಲೇ ಬಂದಿತು. ಅವನ ಆಟದಲ್ಲಿ ಜನರನ್ನು ಮರುಳುಗೊಳಿಸಿದ ಇನ್ನೊಂದು ವಿಶೇಷವಿದ್ದಿತು. ಚೆಂಡನ್ನೆಸೆಯುವುದಕ್ಕೆ ಮೊದಲು ಮೊಣಕಾಲನ್ನೆತ್ತಿ, ಎರಡು ಕೈಗಳನ್ನೂ ತಲೆಯ ಮೇಲಕ್ಕೊಯ್ದು, ಗುರಿಯಿಂದ ಕಣ್ಣನ್ನು ಸಂಪೂರ್ಣವಾಗಿ ಕಿತ್ತು ಆಕಾಶದತ್ತ ನೋಡುತ್ತಿದ್ದ; ಅನಂತರ ದೃಷ್ಟಿಯನ್ನಿಳಿಸಿ ಎಸೆದರೆ ಚೆಂಡು ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಕ್ರೀಡಾಪಟುವಿನದೆಂದು ಜನ ಭಾವಿಸುವ ಬಿಗಿಯಾದ ಶರೀರ ಅವನದಾಗಿರಲಿಲ್ಲ. ದುಂಡುಮುಖ, ಹೊಟ್ಟೆ ಕೊಂಚ ಮುಂದು, ಭುಜಕ್ಕಿಳಿಯುವ ಕೂದಲು. ಇಪ್ಪತ್ತು ವರ್ಷದವನೆಂದರೆ ಅನೇಕರು ನಂಬದೆ, ಜನನ ಪ್ರಮಾಣಪತ್ರವನ್ನು ತೋರಿಸಬೇಕಾದ ಪ್ರಸಂಗವೂ ಬಂದಿತು. ಅವನು ದಿಬ್ಬವೇರುವ ದಿನಗಳಲ್ಲಿ ಟಿಕೆಟುಗಳೆಲ್ಲ ಮುಂಚೆಯೇ ಮಾರಾಟವಾಗುತ್ತಿದ್ದವು. ಬೇರೆ ಊರುಗಳಿಗೆ ತಂಡ ಹೋದರೂ ಅಲ್ಲಿನ ಮೈದಾನಗಳು ತುಂಬಿ, ಪ್ರತಿ ಊರಿನಲ್ಲಿಯೂ ಅವನಿಗಾಗಿಯೇ ಪತ್ರಕರ್ತರ ಗೋಷ್ಠಿ ಏರ್ಪಡುತ್ತಿತ್ತು. ಈ ಉನ್ಮಾದಕ್ಕೆ ಪತ್ರಿಕೆಗಳು 'ಫರ್ನಾಂಡೋಮೇನಿಯಾ' ಎಂದು ಹೆಸರಿಟ್ಟವು.

ಇದನ್ನು ಕೇವಲ ಒಬ್ಬ ಅದ್ಭುತ ಆಟಗಾರನ ಉದಯವೆಂದು ಎಣಿಸುವುದಾದರೆ ಅರ್ಧ ಕಥೆಯನ್ನಷ್ಟೇ ತಿಳಿದಂತಾಯಿತು. ಅವನು ನಿಂತು ಚೆಂಡೆಸೆಯುತ್ತಿದ್ದ ನೆಲಕ್ಕೆ ಒಂದು ಪೂರ್ವಚರಿತ್ರೆ ಉಂಟು. ಅದನ್ನು ಅರಿಯದೆ ಆ ಜನಸ್ತೋಮದ ಕಣ್ಣೀರು ನಮಗೆ ಅರ್ಥವಾಗದು.

ಲಾಸ್ ಏಂಜಲೀಸಿನ ನಗರಮಧ್ಯಕ್ಕೆ ಉತ್ತರದಲ್ಲಿ ಚಾವೆಜ್ ಕಣಿವೆಯೆಂದು ಹೆಸರಾದ ಗುಡ್ಡಗಾಡು ಪ್ರದೇಶವಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಪಾಲೋ ವೆರ್ದೆ, ಲಾ ಲೋಮ, ಬಿಷಪ್ ಎಂಬ ಮೂರು ಪುಟ್ಟ ಬಡಾವಣೆಗಳಿದ್ದವು. ನಿವಾಸಿಗಳಲ್ಲಿ ಬಹುಸಂಖ್ಯಾತರು ಮೆಕ್ಸಿಕೋ ಮೂಲದ ಶ್ರಮಜೀವಿಗಳು. ನಗರದ ಬೇರೆ ಭಾಗಗಳಲ್ಲಿ ಮನೆ ಕೊಳ್ಳಲು ಅವರಿಗೆ ಸುಲಭವಾಗಿ ಎಡೆ ದೊರೆಯುತ್ತಿರಲಿಲ್ಲ. ಇಲ್ಲಿ ಅವರು ತಮ್ಮದೇ ಮನೆಗಳನ್ನು ಕಟ್ಟಿಕೊಂಡು, ಹಿತ್ತಿಲಲ್ಲಿ ತರಕಾರಿ ಬೆಳೆದು, ಕೋಳಿ ಮೇಕೆಗಳನ್ನು ಸಾಕಿಕೊಂಡು, ತಮ್ಮ ಚರ್ಚು, ತಮ್ಮ ಶಾಲೆ ಎಂದು ನೆಮ್ಮದಿಯಿಂದಿದ್ದರು. 1950ರ ಬೇಸಗೆಯಲ್ಲಿ ನಗರದ ವಸತಿ ಮಂಡಳಿಯಿಂದ ಮನೆಮನೆಗೂ ಪತ್ರ ಬಂದಿತು. ಅಲ್ಲಿ ಬಡವರಿಗಾಗಿ ಸಾವಿರಾರು ವಾಸಗೃಹಗಳ ಸಮುಚ್ಚಯವೊಂದನ್ನು ನಿರ್ಮಿಸಲಾಗುವುದೆಂದೂ, ಈಗಿರುವವರು ಮನೆಗಳನ್ನು ಮಾರಿ ತೆರಳಬೇಕೆಂದೂ, ಹೊಸ ಮನೆಗಳಲ್ಲಿ ಮೊದಲ ಆಯ್ಕೆ ಅವರದೇ ಎಂದೂ ಅದರಲ್ಲಿ ಬರೆದಿತ್ತು. ಮಾತನ್ನು ನಂಬಿ ಬಹುತೇಕ ಕುಟುಂಬಗಳು ಸಿಕ್ಕ ಬೆಲೆಗೆ ಮಾರಿ ಹೊರಟವು. ಆದರೆ ಅದು ಸಮತಾವಾದದ ಭಯ ಅಮೆರಿಕವನ್ನೆಲ್ಲ ಆವರಿಸಿದ್ದ ಕಾಲ. ಸರಕಾರ ಬಡವರಿಗೆ ಮನೆ ಕಟ್ಟಿಸುವುದೇ ಸಮತಾವಾದದ ಲಕ್ಷಣವೆಂಬ ಕೂಗೆದ್ದು, ಯೋಜನೆಯ ಮುಂದಾಳಾಗಿದ್ದ ಫ್ರಾಂಕ್ ವಿಲ್ಕಿನ್ಸನ್ ಎಂಬ ಅಧಿಕಾರಿ ಕೆಲಸ ಕಳೆದುಕೊಂಡರು. 1953ರಲ್ಲಿ ಯೋಜನೆಯನ್ನು ವಿರೋಧಿಸಿದ ನಾರಿಸ್ ಪೌಲ್ಸನ್ ಮೇಯರಾಗಿ ಚುನಾಯಿತರಾದರು. ಮನೆಗಳ ಸಮುಚ್ಚಯ ಏಳಲೇ ಇಲ್ಲ. ನೆಲ ಮಾತ್ರ ನಗರದ ಕೈಯಲ್ಲಿ ಉಳಿಯಿತು.

ಇದೇ ಹೊತ್ತಿಗೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಡಾಡ್ಜರ್ಸ್ ತಂಡದ ಒಡೆಯ ವಾಲ್ಟರ್ ಓ'ಮಾಲಿ ಹೊಸ ನೆಲೆಯನ್ನು ಹುಡುಕುತ್ತಿದ್ದ. ಸುಮಾರು 300 ಎಕರೆಗಳ ಆ ಗುಡ್ಡಗಾಡು ಅವನ ಪಾಲಾಗುವುದೆಂದು 1957ರಲ್ಲಿ ಒಪ್ಪಂದವಾಗಿ, 1958ರ ಜೂನಿನಲ್ಲಿ ನಗರದ ಮತದಾರರು ಅಲ್ಪ ಅಂತರದಿಂದ ಅದಕ್ಕೆ ಸಮ್ಮತಿ ನೀಡಿದರು. ಮನೆ ಬಿಡಲೊಪ್ಪದೆ ಉಳಿದಿದ್ದ ಕೆಲವೇ ಕುಟುಂಬಗಳನ್ನು 1959ರ ಮೇ 8ರಂದು ಪೊಲೀಸರು ಬಲಾತ್ಕಾರವಾಗಿ ಹೊರಹಾಕಿದರು. ಅರೇಚಿಗ ಕುಟುಂಬದ ಅರೋರ ವಾರ್ಗಾಸ್ ಎಂಬ ಮಹಿಳೆಯನ್ನು ನಾಲ್ವರು ಕೈಕಾಲು ಹಿಡಿದು ಮೆಟ್ಟಿಲಿಳಿಸಿ ಹೊತ್ತೊಯ್ಯುತ್ತಿರುವ ಚಿತ್ರ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಬಂದಿತು. ಆಕೆ ಹೊರಕ್ಕೆ ಬಂದೊಡನೆ ಬುಲ್‌ಡೋಜರು ಮನೆಯ ಮೇಲೇರಿತು. ಅದಕ್ಕೆ ಹಿಂದಿನ ಸಂಜೆಯಷ್ಟೇ ಅದೇ ಊರಿನ ಬೇರೊಂದು ಕ್ರೀಡಾಂಗಣದಲ್ಲಿ 93,000ಕ್ಕೂ ಮಿಕ್ಕ ಪ್ರೇಕ್ಷಕರು ಡಾಡ್ಜರ್ಸ್ ತಂಡದ ಪಂದ್ಯವೊಂದಕ್ಕೆ ನೆರೆದು ಹರ್ಷಪಟ್ಟಿದ್ದರು. 1962ರ ಏಪ್ರಿಲಿನಲ್ಲಿ ಗುಡ್ಡಗಳನ್ನು ಸವರಿ ಕಟ್ಟಿದ ಭವ್ಯವಾದ ಡಾಡ್ಜರ್ ಕ್ರೀಡಾಂಗಣ ಆರಂಭವಾಯಿತು. ಊರಿನ ಪೂರ್ವಭಾಗದಲ್ಲಿ ನೆಲೆಸಿದ್ದ ಎಷ್ಟೋ ಮೆಕ್ಸಿಕನ್ ಮನೆತನಗಳಲ್ಲಿ ಆ ಮೈದಾನಕ್ಕೆ ಕಾಲಿಡಕೂಡದೆಂಬ ನಿಷ್ಠೆ ಮೌನವಾಗಿ ನೆಲೆಯೂರಿತು. ಹೆತ್ತವರು ಹೋಗಲಿಲ್ಲ, ಮಕ್ಕಳನ್ನು ಕಳುಹಿಸಲಿಲ್ಲ. ಇತ್ತೀಚೆಗೆ, 2024ರಲ್ಲಿ, ಆ ಮೂರು ಊರುಗಳ ವಂಶಸ್ಥರಿಗೆ ಪರಿಹಾರದ ವಿಚಾರವನ್ನು ಪರಿಶೀಲಿಸಬೇಕೆಂಬ ಮಸೂದೆಯೊಂದನ್ನು ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಗೀಕರಿಸಿದರೂ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅದಕ್ಕೆ ಅಂಕಿತ ಹಾಕಲಿಲ್ಲ. ಆದುದರಿಂದ ಅದು ಮುಗಿದುಹೋದ ಹಳೆಯ ಕಥೆಯೆಂದು ತಿಳಿಯಲಾಗದು.

ಹೀಗೆ ಮುನಿದು ದೂರನಿಂತಿದ್ದ ಜನ, ಎರಡು ದಶಕಗಳ ಅನಂತರ, ಒಬ್ಬ ಹುಡುಗನನ್ನು ನೋಡುವುದಕ್ಕಾಗಿ ಅದೇ ಗುಡ್ಡವನ್ನೇರಿ ಬಂದರು. ಅವನು ಅವರಂತೆಯೇ ಇದ್ದ. ಅವನ ಮೈಬಣ್ಣ, ಮೈಕಟ್ಟು, ನಡೆಯುವಾಗಿನ ಸಂಕೋಚ, ಕಡಿಮೆ ಮಾತು, ಎಲ್ಲವೂ ಅವರ ಮನೆಯ ತಮ್ಮನದೋ ಸೋದರಳಿಯನದೋ ಆಗಿದ್ದಿರಬಹುದಿತ್ತು. ಹಗಲೆಲ್ಲ ತೋಟಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ, ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿದು, ಯಾರ ಕಣ್ಣಿಗೂ ಬೀಳದೆ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದ ವಲಸೆಗಾರರಿಗೆ, ಐವತ್ತಾರು ಸಾವಿರ ಜನರ ನಡುವೆ ದಿಬ್ಬದ ಮೇಲೆ ನಿಂತ ತಮ್ಮವನೊಬ್ಬ ಅಮೆರಿಕದ ಹೆಸರಾಂತ ದಾಂಡಿಗರನ್ನು ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಕಳುಹಿಸುವ ದೃಶ್ಯ ಎಂಥ ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಅಜ್ಜಂದಿರು ಮೊಮ್ಮಕ್ಕಳ ಕೈಹಿಡಿದು ಬಂದರು. ಮೆಕ್ಸಿಕೋದ ಧ್ವಜಗಳು ಆ ಮೈದಾನದಲ್ಲಿ ಹಾರಾಡಿದವು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಆತನ ಆಟದಿಂದ 1959ರ ಅನ್ಯಾಯ ಅಳಿಸಿಹೋಯಿತೆಂದು ಬರೆಯುವವರುಂಟು; ನಾನು ಅದನ್ನು ಒಪ್ಪಲಾರೆ. ಕಳೆದುಕೊಂಡ ಮನೆಗೆ ಬೇಸ್‌ಬಾಲಿನ ಗೆಲುವು ಪರಿಹಾರವಲ್ಲ. ಮೆಕ್ಸಿಕನ್ನರಲ್ಲಿ ಒಬ್ಬ ಸ್ಯಾಂಡಿ ಕೋಫ್ಯಾಕ್ಸ್ ದೊರೆತಾನೇ ಎಂದು, ಅರವತ್ತರ ದಶಕದ ತನ್ನ ಮಹಾನ್ ಪಿಚರನನ್ನು ನೆನೆದು, ತಂಡದ ಒಡೆಯನೇ ವರ್ಷಗಟ್ಟಲೆ ಹಾರೈಸುತ್ತಿದ್ದುದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಧಾರಾಳವಾಗಿ ಇದ್ದಿತು. ಆದರೆ ಆ ಜನ ಬಂದದ್ದು ಒಡೆಯನಿಗಾಗಿ ಅಲ್ಲ. ತಾವು ಕಳೆದುಕೊಂಡ ನೆಲದ ಮೇಲೆ ತಮಗೂ ಹಕ್ಕುಂಟೆಂಬ ಭಾವದಿಂದ ಅವರು ಅಲ್ಲಿ ಕುಳಿತರು, ಮತ್ತೆ ಎದ್ದು ಹೋಗಲಿಲ್ಲ.

ಈ ಪರಿವರ್ತನೆಯಲ್ಲಿ ಇನ್ನೊಬ್ಬ ವಲಸೆಗಾರರ ಪಾತ್ರ ದೊಡ್ಡದು. ಈಕ್ವೆಡಾರ್ ದೇಶದಿಂದ 1955ರಲ್ಲಿ ಬಂದ ಹೈಮೆ ಹರೀನ್ ಎಂಬವರು 1959ರಿಂದ ಡಾಡ್ಜರ್ಸ್ ಪಂದ್ಯಗಳ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ನೀಡುತ್ತ ಬಂದಿದ್ದರು. ಮೈದಾನಕ್ಕೆ ಹೋಗದವರ ಮನೆಗಳಲ್ಲಿಯೂ ಅವರ ದನಿ ಪರಿಚಿತವಾಗಿತ್ತು. ಫರ್ನಾಂಡೋ ಪತ್ರಕರ್ತರ ಎದುರಿಗೆ ಕುಳಿತಾಗ ದುಭಾಷಿಯಾಗಿ ಪಕ್ಕದಲ್ಲಿ ಕುಳಿತವರು ಹರೀನ್ ಅವರೇ. ಅವರ ಅಂದಾಜಿನಂತೆ, ಆ ವರ್ಷಕ್ಕೆ ಮುಂಚೆ ಕ್ರೀಡಾಂಗಣದಲ್ಲಿ ಲ್ಯಾಟಿನ್ ಮೂಲದ ಪ್ರೇಕ್ಷಕರು ನೂರಕ್ಕೆ ಹತ್ತನ್ನು ಮೀರುತ್ತಿರಲಿಲ್ಲ. ಈಗ ಪ್ರೇಕ್ಷಕರಲ್ಲಿ ಅರ್ಧದ ಸಮೀಪಕ್ಕೆ ಅವರೇ. ಮೆಕ್ಸಿಕೋದಲ್ಲಿಯೂ ರೇಡಿಯೋ ಕೇಂದ್ರಗಳು ಈ ವಿವರಣೆಯನ್ನು ಬಿತ್ತರಿಸತೊಡಗಿದವು. ಹುಡುಗ ಎಸೆದ ಚೆಂಡನ್ನು ಹಿಡಿಯುತ್ತಿದ್ದ ಮೈಕ್ ಸಿಯೋಷ ಅವನೊಡನೆ ಮಾತನಾಡುವುದಕ್ಕಾಗಿಯೇ ಸ್ಪ್ಯಾನಿಷ್ ಕಲಿತ. ಲಸೋರ್ಡನಿಗೆ ಆ ಭಾಷೆ ಮೊದಲೇ ಬರುತ್ತಿತ್ತು. ಹೊಸಬನೇ ಹಳಬರ ಭಾಷೆ ಕಲಿಯಬೇಕೆಂಬುದು ವಲಸೆಗಾರರಿಗೆ ಲೋಕವು ವಿಧಿಸುವ ನಿಯಮ. ಇಲ್ಲಿ ಕೆಲಕಾಲವಾದರೂ ಹಳಬರೇ ಹೊಸಬನ ಭಾಷೆಯತ್ತ ನಡೆದರು. ಇದನ್ನು ಕಂಡ ವಲಸೆಗಾರರ ಮಕ್ಕಳಿಗೆ ಮನೆಯಲ್ಲಿ ಆಡುವ ಮಾತನ್ನು ಹೊರಗೆ ಅಡಗಿಸಬೇಕಾಗಿಲ್ಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆ ವರ್ಷದ ಜೂನಿನಲ್ಲಿ ಅಧ್ಯಕ್ಷ ರೇಗನ್ ಮೆಕ್ಸಿಕೋದ ಅಧ್ಯಕ್ಷ ಲೋಪೆಸ್ ಪೊರ್ತೀಯೋ ಅವರಿಗೆ ಶ್ವೇತಭವನದಲ್ಲಿ ನೀಡಿದ ಭೋಜನಕೂಟಕ್ಕೆ ಫರ್ನಾಂಡೋವಿಗೂ ಆಮಂತ್ರಣ ಬಂದಿತು. ಅದಾದ ಕೆಲವೇ ದಿನಗಳಲ್ಲಿ ಆಟಗಾರರ ಮುಷ್ಕರ ಆರಂಭವಾಗಿ, ಸುಮಾರು ಎರಡು ತಿಂಗಳ ಕಾಲ ಆಟವೇ ನಿಂತುಹೋಯಿತು. ಆಟ ಮರಳಿ ಆರಂಭವಾದ ಮೇಲೆ ಅವನಿಗೆ ಸೋಲುಗಳೂ ಬಂದವು. ಋತುವಿನ ಕೊನೆಗೆ 13 ಗೆಲುವು, 7 ಸೋಲು, ಎಂಟು ಷಟ್‌ಔಟ್. ವರ್ಷದ ಶ್ರೇಷ್ಠ ನವಾಗತನ ಪ್ರಶಸ್ತಿಯನ್ನೂ ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನೂ ಒಂದೇ ವರ್ಷದಲ್ಲಿ ಪಡೆದವನು ಇಂದಿಗೂ ಅವನೊಬ್ಬನೇ. ಆದರೆ ಅವನ ಸ್ವಭಾವವನ್ನು ತಿಳಿಯಬೇಕೆನ್ನುವವರು ಈ ಅಂಕಿಗಳಿಗಿಂತ ಅಕ್ಟೋಬರ್ 23ರ ಪಂದ್ಯವನ್ನು ನೋಡಬೇಕು. ವರ್ಷದ ಕೊನೆಯ ಮಹಾಸರಣಿಯಾದ ವರ್ಲ್ಡ್ ಸೀರೀಸಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮೊದಲೆರಡು ಪಂದ್ಯಗಳನ್ನು ಸೋತು ಡಾಡ್ಜರ್ಸ್ ತವರಿಗೆ ಮರಳಿದ್ದರು. ಆ ರಾತ್ರಿ ಫರ್ನಾಂಡೋವಿನ ತೋಳು ಅವನ ಮಾತು ಕೇಳಲಿಲ್ಲ. ಮೂರು ಇನ್ನಿಂಗ್ಸ್ ಮುಗಿಯುವುದರೊಳಗೆ ನಾಲ್ಕು ಓಟಗಳು ಹೋದವು. ಚೆಂಡು ಗುರಿ ತಪ್ಪಿದ್ದರಿಂದ ಏಳು ಮಂದಿಗೆ ಓಟದ ಹಾದಿಯ ಮೊದಲ ನೆಲೆ (ಬೇಸ್) ಪುಕ್ಕಟೆಯಾಗಿ ದೊರೆಯಿತು. ಬೇರೆ ಯಾವ ಪಿಚರನನ್ನಾದರೂ ಇಳಿಸಿಬಿಡುತ್ತಿದ್ದರು. ಲಸೋರ್ಡ ಇಳಿಸಲಿಲ್ಲ. ಹುಡುಗ 140ಕ್ಕೂ ಹೆಚ್ಚು ಚೆಂಡುಗಳನ್ನೆಸೆದು, ಹಲ್ಲು ಕಚ್ಚಿ ಒಂಬತ್ತನೆಯ ಇನ್ನಿಂಗ್ಸಿನವರೆಗೂ ನಿಂತು, 5-4 ಅಂತರದಲ್ಲಿ ಪಂದ್ಯವನ್ನು ಉಳಿಸಿದ. ಅನಂತರದ ಮೂರನ್ನೂ ಗೆದ್ದು ಡಾಡ್ಜರ್ಸ್ ಆ ವರ್ಷದ ಚಾಂಪಿಯನ್ನರಾದರು. ಅವನ ಅತ್ಯುತ್ತಮ ಆಟ ಅದಲ್ಲ. ಆದರೆ ದುಡಿದು ತಿನ್ನುವ ಜನ ತಮ್ಮ ಬದುಕನ್ನು ಗುರುತಿಸಿಕೊಂಡದ್ದು ಸುಲಭದ ಜಯಗಳಲ್ಲಲ್ಲ, ಅಂಥ ರಾತ್ರಿಯಲ್ಲಿ ಎಂದು ನನ್ನ ಭಾವನೆ.

ಮುಂದಿನ ವರ್ಷಗಳನ್ನು ಶೀಘ್ರವಾಗಿ ಹೇಳಿಬಿಡಬಹುದು. 1981ರಲ್ಲಿ ಅವನ ಸಂಬಳ 42,500 ಡಾಲರು. ಅವನಿಂದಾಗಿ ಸಂಸ್ಥೆಗೆ ಹರಿದು ಬಂದ ಹಣಕ್ಕೆ ಅದನ್ನು ಹೋಲಿಸುವಂತೆಯೇ ಇರಲಿಲ್ಲ. ಮರುವರ್ಷ ತಕ್ಕ ಸಂಬಳ ಕೇಳಿ ತರಬೇತಿಗೆ ಬರದೆ ಕುಳಿತ. 1983ರಲ್ಲಿ ಮಧ್ಯಸ್ಥಿಕೆಯ ತೀರ್ಪಿನಿಂದ ಹತ್ತು ಲಕ್ಷ ಡಾಲರು ಪಡೆದ ಪ್ರಥಮ ಆಟಗಾರನಾದ. ಮೌನಿಯಾದ ವಲಸೆಗಾರ ಕೊಟ್ಟಷ್ಟನ್ನು ತೆಗೆದುಕೊಂಡು ಕೃತಜ್ಞನಾಗಿರಬೇಕೆಂಬ ನಿರೀಕ್ಷೆಯನ್ನು ಆತ ಮುರಿದುದೂ ಅವನ ಕಾಣಿಕೆಗಳಲ್ಲೊಂದೆಂದು ಎಣಿಸಬೇಕು. 1986ರಲ್ಲಿ 21 ಪಂದ್ಯಗಳನ್ನು ಗೆದ್ದ. ವರ್ಷಾನುವರ್ಷ ಸರದಿ ತಪ್ಪದೆ ಎಸೆದ ತೋಳು 1988ರಲ್ಲಿ ಕೈಕೊಟ್ಟಿತು. ಡಾಡ್ಜರ್ಸ್ ಮತ್ತೆ ಚಾಂಪಿಯನ್ನರಾದ ಆ ವರ್ಷದ ಕೊನೆಯ ಸರಣಿಯಲ್ಲಿ ಅವನು ಎಸೆಯಲಿಲ್ಲ. 1990ರ ಜೂನ್ 29ರಂದು ಸೇಂಟ್ ಲೂಯಿಸ್ ತಂಡದ ಎದುರು ಒಂದು ಸಫಲ ಹೊಡೆತವನ್ನೂ (ಹಿಟ್) ಬಿಟ್ಟುಕೊಡದೆ ಪಂದ್ಯ ಮುಗಿಸಿ ಹಳೆಯ ವೈಭವವನ್ನು ಒಮ್ಮೆ ಮರಳಿ ತೋರಿದ. ಅದಾಗಿ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 1991ರ ಮಾರ್ಚ್ ಕೊನೆಯಲ್ಲಿ, ಋತು ಆರಂಭವಾಗಬೇಕೆನ್ನುವಾಗ ಸಂಸ್ಥೆ ಅವನನ್ನು ಬಿಟ್ಟುಬಿಟ್ಟಿತು. ಅಭಿಮಾನಿಗಳಿಗೆ ಆ ದಿನದ ನೋವು ಇನ್ನೂ ಆರಿಲ್ಲ. ಅನಂತರ ಐದಾರು ತಂಡಗಳಿಗೆ ಆಡಿ 1997ರಲ್ಲಿ ಅಮೆರಿಕದ ಆಟ ಮುಗಿಸಿದ. ಇದರ ನಡುವೆ 1996ರ ಆಗಸ್ಟಿನಲ್ಲಿ, ಅಮೆರಿಕದ ಪ್ರಮುಖ ಲೀಗಿನ ಋತುಪಂದ್ಯವೊಂದು ಮೆಕ್ಸಿಕೋದ ಮೊಂಟೆರೇ ನಗರದಲ್ಲಿ ಪ್ರಥಮ ಬಾರಿಗೆ ನಡೆದಾಗ, ಸ್ಯಾನ್ ಡಿಯೇಗೋ ತಂಡದ ಪರವಾಗಿ ಚೆಂಡೆಸೆದು ಗೆದ್ದವನು ಅವನೇ.

ಹಲವು ವರ್ಷ ಡಾಡ್ಜರ್ಸ್ ಸಂಸ್ಥೆಯಿಂದ ದೂರವೇ ಉಳಿದಿದ್ದ ಆತ 2003ರಲ್ಲಿ ಮರಳಿ ಬಂದು, ರೇಡಿಯೋದಲ್ಲಿ ಹರೀನ್ ಅವರ ಪಕ್ಕದಲ್ಲಿ ಕುಳಿತು ಸ್ಪ್ಯಾನಿಷಿನಲ್ಲಿ ವೀಕ್ಷಕ ವಿವರಣೆ ನೀಡತೊಡಗಿದ. ಮಾತೇ ಆಡದ ಹುಡುಗನೆಂದು ಪ್ರಸಿದ್ಧನಾಗಿದ್ದವನು ಇಪ್ಪತ್ತು ವರ್ಷಗಳ ಕಾಲ ಮನೆಮನೆಯ ದನಿಯಾದ. 2015ರಲ್ಲಿ ಅಮೆರಿಕದ ಪೌರತ್ವ ಸ್ವೀಕರಿಸಿದ. ಅವನು ಧರಿಸುತ್ತಿದ್ದ 34ನೆಯ ಸಂಖ್ಯೆಯ ಅಂಗಿಯನ್ನು 1991ರಿಂದ ಮುಂದೆ ಡಾಡ್ಜರ್ಸ್ ತಂಡದಲ್ಲಿ ಮತ್ತಾರಿಗೂ ಕೊಟ್ಟಿರಲಿಲ್ಲ. ಆದರೆ ಅದನ್ನು ವಿಧ್ಯುಕ್ತವಾಗಿ ಮೀಸಲಿರಿಸುವುದಕ್ಕೆ ಸಂಸ್ಥೆಯ ಒಂದು ನಿಯಮ ಅಡ್ಡವಾಗಿತ್ತು. ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಎಂಬ ಕೀರ್ತಿಮಂದಿರಕ್ಕೆ ಆಯ್ಕೆಯಾದವರಿಗೆ ಮಾತ್ರ ಆ ಗೌರವವೆಂಬುದು ನಿಯಮ, ಫರ್ನಾಂಡೋ ಆಯ್ಕೆಯಾಗಿರಲಿಲ್ಲ. 173 ಗೆಲುವು, 153 ಸೋಲು, 2,074 ಸ್ಟ್ರೈಕ್‌ಔಟ್ (ದಾಂಡಿಗ ಚೆಂಡನ್ನು ಹೊಡೆಯಲಾಗದೆಯೇ ಔಟಾಗುವುದು), ಇವಿಷ್ಟನ್ನು ತಕ್ಕಡಿಗೆ ಹಾಕಿ, ಸಾಲದೆಂದು ಮತದಾರರು ಕೈಬಿಟ್ಟರು. ಇದು ಅವಿವೇಕವೆಂದು ನಾನು ತಿಳಿಯುತ್ತೇನೆ. ಒಂದು ಕ್ರೀಡೆಗೆ ಒಂದು ಇಡೀ ಜನಾಂಗವನ್ನು ಕರೆತಂದವನನ್ನು ಸೇರಿಸಿಕೊಳ್ಳದ ಮಂದಿರದ ಅಳತೆಗೋಲಿನಲ್ಲಿಯೇ ದೋಷವಿದೆ. ಮೆಕ್ಸಿಕೋದ ಲೀಗು 2019ರಲ್ಲಿಯೇ ತನ್ನ ಎಲ್ಲ ತಂಡಗಳಲ್ಲಿಯೂ 34ನೆಯ ಸಂಖ್ಯೆಯನ್ನು ಅವನ ಹೆಸರಿಗೆ ಮೀಸಲಿಟ್ಟಿತು. ಅಭಿಮಾನಿಗಳ ಒತ್ತಾಯಕ್ಕೆ ಮಣಿದು ಡಾಡ್ಜರ್ಸ್ ಸಂಸ್ಥೆ ತನ್ನ ನಿಯಮವನ್ನು ಸಡಿಲಿಸಿ, 2023ರ ಆಗಸ್ಟ್ 11ರಂದು ಅದೇ ಗೌರವವನ್ನು ಸಲ್ಲಿಸಿತು.

2024ರ ಅಕ್ಟೋಬರ್ 22ರಂದು, ತನ್ನ ಅರವತ್ತಮೂರನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಮೂರು ದಿನಗಳ ಅನಂತರ ಅದೇ ಕ್ರೀಡಾಂಗಣದಲ್ಲಿ, 1981ರಲ್ಲಿ ಎದುರಾಗಿದ್ದ ಅದೇ ಯಾಂಕೀಸ್ ತಂಡದೊಡನೆ ವರ್ಲ್ಡ್ ಸೀರೀಸ್ ಆರಂಭವಾಗಬೇಕಾಗಿತ್ತು. ಮೊದಲ ಪಂದ್ಯದಂದು ಗಣ್ಯರೊಬ್ಬರು ವಿಧ್ಯುಕ್ತವಾಗಿ ಮೊದಲ ಚೆಂಡನ್ನೆಸೆಯುವ ವಾಡಿಕೆಯಿದೆ. ಅಂದು ಯಾರೂ ಎಸೆಯಲಿಲ್ಲ. ಅವನ ಹಳೆಯ ಸಹಆಟಗಾರರಾದ ಓರೆಲ್ ಹರ್ಷೈಸರ್ ಮತ್ತು ಸ್ಟೀವ್ ಯೇಗರ್ ದಿಬ್ಬದವರೆಗೆ ನಡೆದುಹೋಗಿ, ಅಲ್ಲಿ ಬರೆದಿದ್ದ 34ರ ಬಳಿ ಚೆಂಡನ್ನಿಟ್ಟು ಹಿಂದಿರುಗಿದರು. ಡಾಡ್ಜರ್ಸ್ ಸರಣಿಯನ್ನು ಗೆದ್ದರು. ವಿಜಯದ ಮೆರವಣಿಗೆ ನಡೆದದ್ದು ನವೆಂಬರ್ 1ರಂದು, ಅವನ ಜನ್ಮದಿನ. ಊರಿನ ಪೂರ್ವದ ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ, ಮರಿಯಾಚಿ ವಾದ್ಯಗಾರರು ಸೇರುವ ಚೌಕದ ಬಳಿಯ ಹಳೆಯ ಹೋಟೆಲಿನ ಗೋಡೆಯ ಮೇಲೆ ಚಿತ್ರಕಾರ ರಾಬರ್ಟ್ ವಾರ್ಗಾಸ್ ಬರೆದ ಅವನ ಬೃಹತ್ ಚಿತ್ರವೂ ಅದೇ ದಿನ ಅನಾವರಣಗೊಂಡಿತು. 1981ರಲ್ಲಿ ಹುಟ್ಟಿಯೂ ಇರದಿದ್ದ ತರುಣರು ಅಲ್ಲಿಗೆ ಬಂದು ಹೂವಿಟ್ಟು ಹೋಗುತ್ತಾರೆ. ಅಪ್ಪನಿಂದಲೋ ಅಜ್ಜಿಯಿಂದಲೋ ಕೇಳಿದ ಕಥೆಯೇ ಅವರಿಗೆ ಸಾಕು.

ಈ ಪ್ರಭಾವದ ಆಳ ಎಷ್ಟೆಂಬುದು ತಿಳಿದುಬಂದದ್ದು ಅವನು ಇಲ್ಲವಾದ ಮೇಲೆ. 2025ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಕೇಂದ್ರ ಸರಕಾರದ ಅಧಿಕಾರಿಗಳು ದಾಖಲೆಪತ್ರಗಳಿಲ್ಲದ ವಲಸೆಗಾರರನ್ನು ಕೆಲಸದ ಸ್ಥಳಗಳಲ್ಲಿಯೂ ಬೀದಿಗಳಲ್ಲಿಯೂ ಹಿಡಿಯತೊಡಗಿದಾಗ, ಡಾಡ್ಜರ್ಸ್ ಸಂಸ್ಥೆ ಮೊದಮೊದಲು ಮೌನವಾಗಿತ್ತು. ಆ ಮೌನವನ್ನು ಅಭಿಮಾನಿಗಳು ಸಹಿಸಲಿಲ್ಲ. ನಮ್ಮ ಹಣದಿಂದ, ನಮ್ಮ ಪ್ರೀತಿಯಿಂದ ಬೆಳೆದ ತಂಡ ಈಗೇಕೆ ಬಾಯಿ ತೆರೆಯುವುದಿಲ್ಲವೆಂದು ಬಹಿರಂಗವಾಗಿಯೇ ಪ್ರಶ್ನಿಸಿದರು. ಕೆಲವರು ಫರ್ನಾಂಡೋವಿನ 34ನೆಯ ಅಂಗಿಯನ್ನು ತೊಟ್ಟೇ ಪ್ರತಿಭಟನೆಗೆ ಬಂದರು. ಜೂನ್ 19ರಂದು ಅಂಥ ಅಧಿಕಾರಿಗಳಿಗೆ ಕ್ರೀಡಾಂಗಣದ ಆವರಣದೊಳಕ್ಕೆ ಪ್ರವೇಶ ಕೊಡಲಿಲ್ಲವೆಂದು ಸಂಸ್ಥೆ ಪ್ರಕಟಿಸಿತು. ಮರುದಿನ ಬಾಧಿತ ಕುಟುಂಬಗಳ ಸಹಾಯಕ್ಕೆ ಹತ್ತು ಲಕ್ಷ ಡಾಲರು ಕೊಡುವುದಾಗಿ ಘೋಷಿಸಿತು. ಅದು ಸಾಲದೆಂದವರು ಹಲವರು, ತಡವಾಯಿತೆಂದವರು ಇನ್ನೂ ಹಲವರು. ಅವರ ಅಸಮಾಧಾನ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ತಂಡ ತಮ್ಮದು, ಆದುದರಿಂದ ತಮ್ಮ ಪರವಾಗಿ ನಿಲ್ಲುವ ಹೊಣೆ ಅದಕ್ಕುಂಟು ಎಂದು ಅವರು ಕೇಳಿದರು. ಅರೇಚಿಗ ಕುಟುಂಬದ ಮನೆಯನ್ನು ಕೆಡವಿದ ದಿನ ಅವರ ಹಿರಿಯರಲ್ಲಿ ಒಬ್ಬರೂ ಆ ತಂಡವನ್ನು ಹಾಗೆ ಕೇಳಬಲ್ಲವರಾಗಿರಲಿಲ್ಲ.